ಲೊಟ್ಟಿ, ಚಿಗಲಿ, ಬಂಗಾಲ: ಪುಣೆಯ ಗೆಳೆಯನಿಗೊಂದು ಪತ್ರ

ಮಾಳಮಡ್ಡಿ, ಧಾರವಾಡ

ದೋಸ್ತಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅಷ್ಟು ಸಣ್ಣ ಕೂಸಿನ ಜೋಡಿ ದಿನಾ ಅಷ್ಟೊತ್ತು ಏನ್ ಮಾತಾಡ್ತಿ ಮಾರಾಯಾ?" ಅಂತ. ಅಷ್ಟರಲ್ಲಿ ನಿನಗೆ ಆಫೀಸಿನ ಕರೆ ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ನಿನ್ನ ಮಗನಿಗೆ ಈಗಷ್ಟೇ ವರ್ಷ ತುಂಬಿದೆ. ಇನ್ನು ಆರೆಂಟು ತಿಂಗಳಲ್ಲಿ ನಿಮ್ಮ ಮನೆಯಲ್ಲೂ ಇದು ಶುರುವಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದಲ್ಲಿ ನಿನ್ನಿಂದ ನನಗೊಂದು ಕೆಲಸ ಆಗಬೇಕಿದೆ. ಮಗ ಏನೇನು ಅನ್ನುತ್ತಾನೋ ಅದನ್ನು ಬರೆದಿಡಬೇಕು. ಒಂದು ಸಾದಾ ನೋಟ್‌ಬುಕ್ ಸಾಕು. ಅವನ ಬಾಯಲ್ಲಿ ಹೇಗೆ ಬಂತೋ ಹಾಗೇ, ತಿದ್ದದೆ, ತಾರೀಕು ಹಾಕಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಪುಟ್ಟಿಯ ಸುದ್ದಿ ಕೇಳು.

ಅವಳಿಗೆ ಎರಡೂವರೆ ದಾಟಿದೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಾಳೆ. ‘ರ’ ಇನ್ನೂ ಬರುವುದಿಲ್ಲ, ಅದರ ಜಾಗದಲ್ಲಿ ‘ಲ’ ಬರುತ್ತದೆ. ರೊಟ್ಟಿ ಅವಳಿಗೆ ‘ಲೊಟ್ಟಿ’, ಖಾರ ‘ಖಾಲ’, ನೀರು ‘ನೀಲು’, ನಾವಿರುವ ಊರು ‘ದಾಲವಾಡ’. ‘ರ’ ಮಕ್ಕಳಿಗೆ ತಡವಾಗಿ ಬರುವ ಅಕ್ಷರ. ನಾಲಗೆಯ ತುದಿ ಮೇಲೆ ಹೋಗಿ ಅದುರಬೇಕು, ಆ ಹತೋಟಿ ಸಿಗಲು ಹೊತ್ತು ಬೇಕು. ಹಾಗಾಗಿ ಮನೆಯಲ್ಲಿ ಯಾರಿಗೂ ಅವಸರವಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಚಿಗರಿ ಬಸ್ಸು ನಿನಗೆ ಗೊತ್ತೇ ಇದೆ. ನೀನು ಊರು ಬಿಟ್ಟಾಗ ಅದು ಇರಲಿಲ್ಲ, ಆಮೇಲೆ ಬಂದಾಗ ನಾವಿಬ್ಬರೂ ಅದರಲ್ಲೇ ಹುಬ್ಬಳ್ಳಿಗೆ ಹೋಗಿದ್ದೆವು. ಪುಟ್ಟಿಗೆ ಅದು ‘ಚಿಗಲಿ’. ಅವಳ ಅತ್ತಿ ಹುಬ್ಬಳ್ಳಿಯಲ್ಲಿದ್ದಾಳೆ, ಹಾಗಾಗಿ ಚಿಗಲಿಯ ಸವಾರಿ ಆಗಾಗ ಇರುತ್ತದೆ. ರಸ್ತೆಯ ನಡುವಿನ ಆ ಎತ್ತರದ ನಿಲ್ದಾಣ, ಬಸ್ಸು ಬಂದು ನಿಂತ ಕೂಡಲೇ ತಾನಾಗಿ ಸರಿಯುವ ಬಾಗಿಲು, ಒಳಗಿನ ತಂಪು, ಎಲ್ಲಾ ಇಷ್ಟ. ಅದರಲ್ಲೂ ಬಾಗಿಲು. "ಬಾಗ್ಲಾ ತಗೀತು! ಬಾಗ್ಲಾ ಹಾಕ್ತು!" ಅಂತ ಪ್ರತಿ ನಿಲ್ದಾಣದಲ್ಲೂ ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಹಿಂಗಿರುವಾಗ ನಾಗರ ಪಂಚಮಿ ಬಂತು. ನಮ್ಮವ್ವ ಎಳ್ಳು-ಬೆಲ್ಲ ಕುಟ್ಟಿ ಚಿಗಳಿ ಮಾಡಿದಳು. ಒಂದು ಉಂಡೆ ಮೊಮ್ಮಗಳ ಕೈಯಲ್ಲಿಟ್ಟು "ಚಿಗಳಿ ತಿನ್ನವ್ವಾ" ಅಂದಳು. ಪುಟ್ಟಿ ಅದನ್ನು ತಿರುಗಿಸಿ ನೋಡಿದಳು, ಕೆಳಗೆ ನೋಡಿದಳು, ಮತ್ತೆ ತಿರುಗಿಸಿದಳು. ಆಮೇಲೆ ಬಹಳ ಗಂಭೀರವಾಗಿ ಕೇಳಿದಳು: "ಆಯಿ, ಇದಕ್ಕ ಬಾಗ್ಲಾ ಎಲ್ಲೈತಿ?"

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಅದೊಂದೇ. ಬೇರೇನೂ ಬೇಕಿರಲಿಲ್ಲ.

ಇನ್ನು ‘ರೀ’ ವಿಷಯ. ನಮ್ಮ ಕಡೆ ರೀ ಇಲ್ಲದೆ ಮಾತೇ ಇಲ್ಲ ಅಲ್ವಾ? ಹೌದ್ರಿ, ಬರ್ರಿ, ಕೂಡ್ರಿ, ಯಾಕ್ರಿ. ಗಂಡ ಹೆಂಡತಿಗೂ ಅನ್ನುತ್ತಾನೆ, ಹೆಂಡತಿ ಗಂಡನಿಗೂ ಅನ್ನುತ್ತಾಳೆ, ಕಾಯಿಪಲ್ಲೆ ಮಾರುವವಳಿಗೂ ಅದೇ, ಕಂಡಕ್ಟರಿಗೂ ಅದೇ. ಇದನ್ನೆಲ್ಲ ಕೇಳಿ ಕೇಳಿ ನಮ್ಮ ಪುಟ್ಟಿ ಯಾರ ಹೆಸರು ಹೇಳಿದರೂ ಮರ್ಯಾದೆ ಕೊಡಬೇಕು ಅಂತ ತಿಳಿದುಕೊಂಡಿದ್ದಾಳೆ. ಆದರೆ ‘ರ’ ಬರುವುದಿಲ್ಲವಲ್ಲ, ರೀ ಹೋಗಿ ‘ಲಿ’ ಆಗಿದೆ. ಬೀದಿಯ ಆಕಳಿಗೆ "ಅಂಬಾ ಬಲ್ಲಿ, ಲೊಟ್ಟಿ ತಿನ್ಲಿ" ಅನ್ನುತ್ತಾಳೆ. ನಮ್ಮ ಓಣಿಯ ನಾಯಿ ಕಾಳ್ಯಾ ಮಧ್ಯಾಹ್ನ ಮೆಟ್ಟಿಲ ಮೇಲೆ ಮಲಗಿದ್ದರೆ ಬಾಯಿ ಮೇಲೆ ಬೆರಳಿಟ್ಟು ನಮಗೆ ಹೇಳುತ್ತಾಳೆ, "ಸಣ್ಣಗ ಮಾತಾಡ್ಲಿ, ಕಾಳ್ಯಾ ಅವಲು ಮಲಗ್ಯಾಲ." ಒಂದು ಬೀದಿನಾಯಿಗೆ ಇಷ್ಟು ಮರ್ಯಾದೆ ಈ ಊರಿನಲ್ಲಿ ಬೇರೆ ಯಾರೂ ಕೊಟ್ಟಿರಲಿಕ್ಕಿಲ್ಲ. ಕಾಳ್ಯಾನೂ ಅವಳ ಧ್ವನಿ ಕೇಳಿದರೆ ಎದ್ದು ಬಂದು ಬಾಲ ಅಲ್ಲಾಡಿಸುತ್ತಾನೆ.

ನಮ್ಮಲ್ಲಿ ಹೆಣ್ಣುಕೂಸಿಗೆ ‘ಯವ್ವಾ’, ‘ನಮ್ಮವ್ವಾ’ ಅಂತ ಕರೆಯುತ್ತೇವಲ್ಲ, ಅದು ಅವಳಿಗೆ ಕೆಲವು ದಿನ ದೊಡ್ಡ ತೊಡಕಾಗಿತ್ತು. ನಾನು "ಬಾ ಯವ್ವಾ" ಅಂದರೆ "ಅವ್ವ ಒಳಗ ಅದಾಳ" ಅಂತ ಅಡುಗೆಮನೆ ತೋರಿಸುತ್ತಿದ್ದಳು. ಅಂಗಡಿಯವರು "ಏನ್ ಬೇಕು ತಂಗಿ?" ಅಂದರೆ ಹಿಂದೆ ತಿರುಗಿ ನೋಡುತ್ತಿದ್ದಳು, ತಂಗಿ ಎಲ್ಲಿದ್ದಾಳೆ ಅಂತ. ಹೀಗೇ ನಡೆದಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ತಾನೇ ಹೇಳಿದಳು: "ಅವ್ವ ದೊಡ್ಡ ಅವ್ವ. ನಾ ಸಣ್ಣ ಅವ್ವ." ಯಾರೂ ಕೇಳಿರಲಿಲ್ಲ. ಎಷ್ಟು ದಿನದಿಂದ ಒಳಗೊಳಗೇ ಯೋಚಿಸುತ್ತಿದ್ದಳೋ. ನನ್ನ ಹೆಂಡತಿ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ಎಳೆದು ಅಪ್ಪಿಕೊಂಡಳು.

ವ್ಯಾಕರಣ ನೋಡು ಇನ್ನು. ಓಡಿ ಬಂದು ಹೇಳುತ್ತಾಳೆ, "ಅಪ್ಪಾ, ನಾ ಬೀಳಿದೆ." ಬಿಸ್ಕೀಟು ಯಾರಿಗೆ ಕೊಟ್ಟೆ ಅಂದರೆ "ಕಾಳ್ಯಾ ಅವಲಿಗೆ ಕೊಡಿದೆ." ಬೀಳಿದೆ, ಕೊಡಿದೆ, ತಿನ್ನಿದೆ. ನಾವ್ಯಾರೂ ಹಾಗೆ ಮಾತಾಡುವುದಿಲ್ಲ. ಅವಳು ಎಲ್ಲೂ ಕೇಳಿಲ್ಲ. ಹಾಗಾದರೆ ಎಲ್ಲಿಂದ ಬಂತು? ‘ಮಾಡು’ಗೆ ‘ಮಾಡಿದೆ’, ‘ಆಡು’ಗೆ ‘ಆಡಿದೆ’, ‘ಓಡು’ಗೆ ‘ಓಡಿದೆ’ ಅಂತ ಕೇಳಿದ್ದಾಳೆ. ಅದರಿಂದ ತಾನೇ ಒಂದು ನಿಯಮ ಮಾಡಿಕೊಂಡು ಎಲ್ಲ ಕಡೆ ಹಚ್ಚುತ್ತಿದ್ದಾಳೆ. ಎಲ್ಲ ಭಾಷೆಯ ಮಕ್ಕಳೂ ಇದನ್ನು ಮಾಡುತ್ತಾರೆ, ಮಗು ನಿಯಮ ಹಿಡಿದಿದೆ ಅನ್ನುವುದರ ಗುರುತು ಅದು. ಮೊದಲು ಸರಿಯಾಗಿ ‘ಬಿದ್ದೆ’ ಅನ್ನುತ್ತಿದ್ದ ಕೂಸು ಆಮೇಲೆ ‘ಬೀಳಿದೆ’ ಅನ್ನಬಹುದು. ಹಿಂದೆ ಹೋಯಿತು ಅಂತ ಹೆದರಬೇಡ, ಮುಂದೆ ಹೋಗಿದೆ. ನಾವು ಬೈಯುವುದೂ ಇಲ್ಲ, ತಿದ್ದುವುದೂ ಇಲ್ಲ. "ಹೌದಾ? ಎಲ್ಲಿ ಬಿದ್ದಿ?" ಅಂತ ಸರಿಯಾದ್ದನ್ನು ಮಾತಿನೊಳಗೆ ಸೇರಿಸಿ ಕೇಳುತ್ತೇವೆ, ಅಷ್ಟೇ. ಅವಳು ಒಂದು ಕ್ಷಣ ನಮ್ಮ ಬಾಯಿ ನೋಡುತ್ತಾಳೆ. ಆಮೇಲೆ "ಅಲ್ಲಿ ಬೀಳಿದೆ" ಅನ್ನುತ್ತಾಳೆ. ಇರಲಿ, ಬರುತ್ತದೆ.

ಕಾಲದ ಲೆಕ್ಕವೂ ಅವಳದೇ. ಆಗಿಹೋದದ್ದೆಲ್ಲ ‘ನಿನ್ನಿ’. ಪಂಚಮಿ ಜೋಕಾಲಿಯೂ ನಿನ್ನಿ, ಬೆಳಿಗ್ಗೆ ಕುಡಿದ ಹಾಲೂ ನಿನ್ನಿ. ಕೆಲವೊಮ್ಮೆ ನಿನ್ನಿ, ನಾಳಿ ಅದಲುಬದಲಾಗುತ್ತವೆ. ಹೋದ ವಾರ ತನ್ನ ಹಳೇ ಕುಲಾವಿ ಸಿಕ್ಕಿತು. ತಲೆಗೆ ಹಾಕಿಕೊಳ್ಳಲು ನೋಡಿದಳು, ಆಗಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬಂದು ಹೇಳಿದಳು, "ನಾಳಿ ನಾ ಸಣ್ಣಾಕಿ ಇದ್ದೆ." ನನಗೆ ಉತ್ತರ ಹೊಳೆಯಲಿಲ್ಲ ದೋಸ್ತಾ. ಸುಮ್ನೆ ಕುಲಾವಿ ತಗೊಂಡು ಮಡಚಿ ಇಟ್ಟೆ.

ರೊಟ್ಟಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅವಳ ದಿನ ನಿಂತಿರುವುದೇ ಅದರ ಮೇಲೆ. ನಮ್ಮವ್ವ ರೊಟ್ಟಿ ಬಡಿಯಲು ಕೂತರೆ ಪಕ್ಕದಲ್ಲಿ ಪುಟ್ಟಿಯ ಮಣೆ ಬರಲೇಬೇಕು. ಅವಳಿಗೂ ಒಂದು ನಿಂಬೆಹಣ್ಣಿನಷ್ಟು ಜೋಳದ ಹಿಟ್ಟು. ಆಯಿ ಬಡಿಯುವ ತಾಳಕ್ಕೆ ಸರಿಯಾಗಿ ಇವಳೂ ಬಡಿಯುತ್ತಾಳೆ. ಹಿಟ್ಟು ಮೊಣಕೈವರೆಗೆ, ಹುಬ್ಬಿನ ಮೇಲೆ, ಕೂದಲಲ್ಲಿ. ಕೊನೆಗೆ ಅದೊಂದು ಬೆರಳುಗುರುತು ಬಿದ್ದ ತುಂಡಾಗುತ್ತದೆ. ನಮ್ಮವ್ವ ಅದನ್ನು ಅಷ್ಟೇ ಕಾಳಜಿಯಿಂದ ಹಂಚಿನ ಅಂಚಿಗೆ ಹಾಕಿ, ನೀರು ಸವರಿ, ತಿರುವಿ ಬೇಯಿಸಿ ಕೊಡುತ್ತಾಳೆ. ಅದನ್ನು ಅವಳು ಸ್ವತಃ ತಿನ್ನುವುದಿಲ್ಲ. ತಾಟಿನಲ್ಲಿಟ್ಟುಕೊಂಡು ಮನೆಯಲ್ಲಿರುವವರಿಗೆಲ್ಲ ಹಂಚುತ್ತಾಳೆ. ನನಗೊಂದು ಚೂರು, ಅಜ್ಜನಿಗೊಂದು ಚೂರು, ಅವ್ವನಿಗೊಂದು. ತಿಂದ ಮೇಲೆ ಮುಖ ನೋಡುತ್ತಾ ನಿಲ್ಲುತ್ತಾಳೆ. "ಛಲೋ ಐತಿ?" ಅಂತ ಕೇಳುತ್ತಾಳೆ. ಛಲೋ ಇರುತ್ತದೆ, ನಿಜವಾಗಿ.

ತನ್ನ ತಾಟಿಗೆ ಮಾತ್ರ ಇಡೀ ರೊಟ್ಟಿ ಬೇಕು. ದುಂಡಗೆ, ಎಲ್ಲೂ ಮುರಿಯದೆ. ಪಾಪ, ಸಣ್ಣ ಕೈ, ಅಂತ ನಾವು ಮುರಿದು ಕೊಟ್ಟರೆ ಅಳು. "ಕೂಡ್ಸು, ಕೂಡ್ಸು" ಅಂತ ಎರಡು ತುಂಡು ಹಿಡಿದು ಜೋಡಿಸಲು ಹೇಳುತ್ತಾಳೆ. ಈ ವಯಸ್ಸಿನ ಮಕ್ಕಳಿಗೆ ಎಲ್ಲವೂ ನಿನ್ನೆ ಇದ್ದ ಹಾಗೇ ಇರಬೇಕು ಅನ್ನುವುದು ಬಹಳ. ಮಾತು ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಮುಂದೇನಾಗುತ್ತದೆ ಅಂತ ಊಹಿಸಲು ಬರುವುದಿಲ್ಲ, ದಿನದ ಕ್ರಮವೇ ಅವರಿಗೆ ಧೈರ್ಯ. ಅದನ್ನು ಹಟ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ಮಲಗುವಾಗಲೂ ಹಾಗೇ. ಲೈಟು ಆರಿಸಿದ ಮೇಲೆ ಒಂದೊಂದರ ಹೆಸರು ಹೇಳಿ ಮಲಗಿಸಬೇಕು. "ಲೈಟ್ ಮಲಗ್ತು. ಬಾಗ್ಲಾ ಮಲಗ್ತು. ಚಪ್ಲಿ ಮಲಗ್ತು. ಫ್ಯಾನ್ ಮಲಗಂಗಿಲ್ಲ." ಫ್ಯಾನು ಯಾಕೆ ಮಲಗುವುದಿಲ್ಲ ಅಂತ ಕೇಳಿದರೆ, "ಅದಕ್ಕ ಕೆಲಸ ಐತಿ."

ಪೇಢಾ ತಿನ್ನುವ ರೀತಿಯನ್ನೂ ಹೇಳಲೇಬೇಕು, ನಿನ್ನ ಪ್ರೀತಿಯ ತಿಂಡಿ ಅಲ್ವಾ. ಲೈನ್ ಬಜಾರಿನಿಂದ ತಂದರೆ ಮೊದಲು ಒಂದನ್ನು ಎತ್ತಿ ಸುತ್ತಲೂ ಹೊರಳಿಸಿದ ಸಕ್ಕರೆ ಪುಡಿಯನ್ನಷ್ಟೇ ನೆಕ್ಕುತ್ತಾಳೆ. ಒಳಗಿನ ಕಂದು ಪೇಢಾ ನನ್ನ ಕೈಗೆ ವಾಪಸ್ಸು. "ಅಪ್ಪಾ, ನಿಂಗ" ಅನ್ನುತ್ತಾಳೆ, ದೊಡ್ಡ ಉಡುಗೊರೆ ಕೊಟ್ಟ ಹಾಗೆ.

ಈಗ ಅವಳ ಜನರ ಬಗ್ಗೆ. ದೋಸ್ತಾ, ನನಗಿಂತ ಹೆಚ್ಚು ಜನರ ಪರಿಚಯ ಅವಳಿಗಿದೆ ಈ ಓಣಿಯಲ್ಲಿ. ಬೆಳಿಗ್ಗೆ ಅಜ್ಜನ ಬೆರಳು ಹಿಡಿದು ಹಾಲು ತರಲು ಹೊರಡುತ್ತಾಳೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಹೂವಿನಾಕೆ ಒಂದು ಸೇವಂತಿಗೆ ಕೊಡುತ್ತಾಳೆ, ಅದನ್ನು ತಗೊಂಡು ಹೋಗಿ ಇಸ್ತ್ರಿ ಅಂಗಡಿಯ ಕಾಕಾನಿಗೆ ಕೊಡುತ್ತಾಳೆ, ಕಾಕಾ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಇಸ್ತ್ರಿ ಮಾಡುತ್ತಾನೆ. ದಿನಾ. ಆಮೇಲೆ ಕಟ್ಟೆ. ಅಲ್ಲಿ ಅಜ್ಜನ ಗೆಳೆಯರೆಲ್ಲ ಕೂತಿರುತ್ತಾರೆ, ರಿಟೈರಾದ ಮಾಸ್ತರು, ರೈಲ್ವೆಯಲ್ಲಿದ್ದವರು, ಬ್ಯಾಂಕಿನಲ್ಲಿದ್ದವರು. ಅವರ ನಡುವೆ ಇವಳೂ ಕಾಲು ಇಳಿಬಿಟ್ಟು ಕೂರುತ್ತಾಳೆ. "ಏನ್ ಸುದ್ದಿ ತಂಗಿ ಇವತ್ತ?" ಅಂತ ಅವರು ಕೇಳಬೇಕು, ಇವಳು ಮನೆಯ ಸುದ್ದಿ ಹೇಳಬೇಕು. ಒಮ್ಮೆ "ಅವ್ವ ಸಾಲು ಮಾಡ್ಯಾಳ" ಅಂದಳಂತೆ. ಮಾಸ್ತರಿಗೆ ‘ಸಾಲ’ ಅಂತ ಕೇಳಿಸಿತು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಏನರ ತ್ರಾಸ ಇದ್ರ ಹೇಳಪಾ, ಸಂಕೋಚ ಮಾಡ್ಕೋಬ್ಯಾಡ" ಅಂದರು. ಆಕೆ ಹೇಳಿದ್ದು ಸಾರು ಅಂತ ಗೊತ್ತಾದ ಮೇಲೆ ಇಡೀ ಕಟ್ಟೆ ನಕ್ಕಿತು. ಆದರೆ ಆ ಮಾಸ್ತರು ಕೇಳಿದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಂಥ ಹಿರಿಯರ ನಡುವೆ ನನ್ನ ಮಗಳು ಬೆಳೆಯುತ್ತಿದ್ದಾಳೆ ಅನ್ನುವುದಕ್ಕಿಂತ ಹೆಚ್ಚಿಗೆ ಏನು ಬೇಕು ಹೇಳು.

ಅವಳ ವಯಸ್ಸಿನ ಗೆಳೆಯನೂ ಒಬ್ಬನಿದ್ದಾನೆ, ಪಕ್ಕದ ಮನೆಯ ಹುಡುಗ, ಮೂರ್ನಾಲ್ಕು ತಿಂಗಳು ದೊಡ್ಡವನು. ಇಬ್ಬರೂ ಕೂಡಿ ಆಡುತ್ತಾರೆ ಅಂತ ಹೇಳಲಾಗುವುದಿಲ್ಲ. ಅವನು ತನ್ನ ಪಾಡಿಗೆ ಮಣ್ಣು ತುಂಬುತ್ತಾನೆ, ಇವಳು ತನ್ನ ಪಾಡಿಗೆ ಚೆಲ್ಲುತ್ತಾಳೆ. ಬೆನ್ನಿಗೆ ಬೆನ್ನು ಹಚ್ಚಿ ಗಂಟೆಗಟ್ಟಲೆ. ನಡುನಡುವೆ ಒಂದು ಚಮಚಕ್ಕೆ "ನಂದು!" "ನಂದು!" ಅಂತ ಜಗಳ. ಈ ವಯಸ್ಸಿನ ಗೆಳೆತನ ಹೀಗೇ ಇರುತ್ತದೆ. ಮಿಲ್ಡ್ರೆಡ್ ಪಾರ್ಟೆನ್ ಅನ್ನುವ ಸಂಶೋಧಕಿ ಅಮೆರಿಕದ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ಕೂತು ನೋಡಿ 1932ರಲ್ಲಿ ಇದನ್ನೇ ಬರೆದಳು: ಸಣ್ಣ ಮಕ್ಕಳು ಪಕ್ಕಪಕ್ಕದಲ್ಲಿ ಬೇರೆಬೇರೆ ಆಡುತ್ತಾರೆ, ಕೂಡಿ ಆಡುವುದು ದೊಡ್ಡವರಾದ ಹಾಗೆ ಹೆಚ್ಚುತ್ತದೆ. ನಾಳೆ ನಿನ್ನ ಮಗ ಬೇರೆ ಮಕ್ಕಳ ಜೊತೆ ಬೆರೆಯುತ್ತಿಲ್ಲ ಅಂತ ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೋ. ಪಕ್ಕದಲ್ಲಿರುವುದೇ ಅವರಿಗೆ ಜೊತೆ. ಆ ಹುಡುಗ ಅಜ್ಜನ ಊರು ಸವಣೂರಿಗೆ ಹೋದಾಗ ಪುಟ್ಟಿ ಪ್ರತಿದಿನ ಸಂಜೆ ಅವರ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮುಷ್ಟಿಯಲ್ಲಿ ಅರ್ಧ ಬಿಸ್ಕೀಟು. ಅವನ ಪಾಲು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಅವಳನ್ನು ನೀನು ನೋಡಬೇಕು. 1507 ಮೀಟರಿನ ಪ್ಲಾಟ್‌ಫಾರಂ ಅಂತ 2023ರಲ್ಲಿ ದೇಶವೆಲ್ಲ ಸುದ್ದಿಯಾಯಿತಲ್ಲ, ಅವಳಿಗೆ ಅಷ್ಟೂ ಉದ್ದ ಟಾಟಾ ಮಾಡಲು ಬೇಕು. ಗೂಡ್ಸ್ ಗಾಡಿ ಹೋದರೆ ಒಂದೊಂದು ಡಬ್ಬಿಗೂ ಬೇರೆಬೇರೆ ಟಾಟಾ. ಒಂದಕ್ಕೂ ತಪ್ಪಿಸುವುದಿಲ್ಲ. ಕೊನೆಗೆ ಗಾರ್ಡ್ ಕೈ ಬೀಸಿದರೆ ಆ ಸುದ್ದಿ ಕಟ್ಟೆಗೆ ಹೋಗುತ್ತದೆ, ಹೂವಿನಾಕೆಗೆ ಹೋಗುತ್ತದೆ, ಕಾಳ್ಯಾನಿಗೂ ಹೋಗುತ್ತದೆ.

ಆದರೆ ಅವಳ ವರ್ಷದ ದೊಡ್ಡ ದಿನ ಅಂದರೆ ದಸರೆಯ ಬನ್ನಿ. ಹೊಸ ಲಂಗ ಹಾಕಿಕೊಂಡು, ಕೈತುಂಬ ಬನ್ನಿ ಎಲೆ ಹಿಡಿದು, ಅಜ್ಜನ ಜೊತೆ ಮನೆಮನೆಗೆ ಹೊರಟಳು. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ದೊಡ್ಡವರು ಹೇಳುವುದನ್ನು ಎರಡು ಮನೆಯಲ್ಲಿ ಸುಮ್ಮನೆ ನಿಂತು ಕೇಳಿದಳು. ಮೂರನೇ ಮನೆಯಲ್ಲಿ ತಾನೇ ಮುಂದೆ ಹೋಗಿ ಅಂದಳು, "ಬನ್ನಿ ತಗೊಂಡು ಬಂಗಾಲದಂಗ ಇಲೋಣ." ಅಲ್ಲಿದ್ದ ಅಜ್ಜಿ ಅವಳ ಮುಖ ಸವರಿ ಲಟಿಕೆ ಮುರಿದಳು. ಅಷ್ಟೇ, ಆಮೇಲೆ ಯಾರನ್ನೂ ಬಿಡಲಿಲ್ಲ. ಹಾಲಿನವನಿಗೆ, ದಾರಿಯಲ್ಲಿ ಹೋಗುವ ಸೈಕಲ್ಲಿನವನಿಗೆ, ಕಾಳ್ಯಾನಿಗೆ, ಲೈಟಿನ ಕಂಬಕ್ಕೆ. ಪ್ರತಿಯೊಬ್ಬರಿಗೂ ಎಲೆ ಕೊಟ್ಟು ಬಗ್ಗಿ ಕಾಲು ಮುಟ್ಟಿದಳು. ಕಂಬದ ಬುಡವನ್ನೂ ಮುಟ್ಟಿದಳು.

ಹಬ್ಬ ಮುಗಿದರೂ ಅವಳಿಗೆ ಮುಗಿಯಲಿಲ್ಲ. ಬೇವಿನ ಎಲೆ ಸಿಕ್ಕರೂ ಬಂಗಾರ, ಕರಿಬೇವು ಸಿಕ್ಕರೂ ಬಂಗಾರ. ಒಂದು ದಿನ ನಾನು ಆಫೀಸಿನಿಂದ ಬಹಳ ಬೇಸರದಲ್ಲಿ ಬಂದಿದ್ದೆ. ಯಾರ ಹತ್ತಿರವೂ ಮಾತಾಡಲು ಮನಸ್ಸಿರಲಿಲ್ಲ. ಕೊತ್ತಂಬರಿಯ ಒಂದು ಎಸಳು ತಂದು ನನ್ನ ಅಂಗೈಯಲ್ಲಿಟ್ಟು ಅದೇ ಮಾತು ಹೇಳಿದಳು. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ವರ್ಷಕ್ಕೊಮ್ಮೆ ನೂರು ಜನರಿಗೆ ಹೇಳಿದ್ದೇನೆ. ಅವತ್ತು ಅದನ್ನು ಮೊದಲ ಸಲ ಕೇಳಿದ ಹಾಗಾಯಿತು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಇದರಲ್ಲಿ ಒಂದೂ ಅವಳಿಗೆ ನೆನಪಿರುವುದಿಲ್ಲ. ದೊಡ್ಡವರಾದ ಮೇಲೆ ನಮಗೆ ಸಿಗುವ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಬಹುತೇಕ ಎಲ್ಲರಿಗೂ ಅಳಿಸಿಹೋಗುತ್ತದೆ. ಕಟ್ಟೆಯ ಮಾಸ್ತರು, ಕಿವಿಗೆ ಹೂವಿಟ್ಟ ಕಾಕಾ, ಕಾಳ್ಯಾ, ಎರಡು ತುಂಡಾದ ರೊಟ್ಟಿಗೆ ಅತ್ತ ಅಳು, ಇದನ್ನೆಲ್ಲ ಇಷ್ಟು ತುಂಬಿ ಬದುಕುತ್ತಿರುವ ಕೂಸಿಗೆ ಮುಂದೆ ಇದು ಯಾವುದೂ ಗೊತ್ತಿರುವುದಿಲ್ಲ. ನಾನು ಹೇಳಬೇಕು, ಅವಳ ಅವ್ವ ಹೇಳಬೇಕು. ಬೇರೆ ಯಾರ ಹತ್ತಿರವೂ ಇಲ್ಲ. ನಾನು ಬಸ್ಸಿಗೆ ‘ಬುಸ್ಸಪ್ಪ’ ಅನ್ನುತ್ತಿದ್ದೆನಂತೆ, ಅದು ಗೊತ್ತಿರುವುದು ಈ ಲೋಕದಲ್ಲಿ ನಮ್ಮವ್ವನಿಗೆ ಒಬ್ಬಳಿಗೇ. ಆಕೆ ಹೇಳುವಾಗ ನನಗೆ ಆ ಸಣ್ಣ ಹುಡುಗನ ಮೇಲೆ ಪ್ರೀತಿ ಬರುತ್ತದೆ. ಪುಟ್ಟಿಗೂ ತನ್ನ ಮೇಲೆ ಹಾಗೆ ಪ್ರೀತಿ ಬರಬೇಕು ಅಂತ ನನ್ನ ಆಸೆ.

ವಿಡಿಯೋ ಇದೆಯಲ್ಲ ಅನ್ನುತ್ತೀಯ. ನಾನೂ ಮಾಡುತ್ತೇನೆ. ಆದರೆ ಫೋನು ಎತ್ತಿದ ಕೂಡಲೇ ಅವಳು ಮಾಡುತ್ತಿದ್ದದ್ದನ್ನು ಬಿಟ್ಟು "ತೋಲ್ಸು, ತೋಲ್ಸು" ಅಂತ ಓಡಿ ಬರುತ್ತಾಳೆ. ಚಿಗಳಿಗೆ ಬಾಗಿಲು ಹುಡುಕಿದ್ದು ವಿಡಿಯೋದಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಒಳ್ಳೆಯ ಮಾತುಗಳು ಯಾವಾಗಲೂ ಕೈಯಲ್ಲಿ ಹಿಟ್ಟು ಹತ್ತಿದಾಗ, ಬಚ್ಚಲಲ್ಲಿ, ಕತ್ತಲಲ್ಲಿ ಬರುತ್ತವೆ. ರಾತ್ರಿ ಎರಡು ಸಾಲು ಬರೆದರೆ ಸಿಗುತ್ತವೆ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹೋಗುತ್ತವೆ.

ನೋಟ್‌ಬುಕ್ ಇಡುವುದನ್ನು ನನಗೆ ಹೇಳಿಕೊಟ್ಟದ್ದು ಯಾರು ಗೊತ್ತಾ? ಚಾರ್ಲ್ಸ್ ಡಾರ್ವಿನ್. ಅವನ ಮೊದಲ ಮಗ ಹುಟ್ಟಿದ್ದು 1839ರ ಡಿಸೆಂಬರ್ 27ಕ್ಕೆ. ಅವತ್ತಿನಿಂದಲೇ ಮಗ ಯಾವಾಗ ಸೀನಿದ, ಯಾವಾಗ ಹೆದರಿದ, ಯಾವಾಗ ನಕ್ಕ ಅಂತ ಬರೆದಿಟ್ಟ. 37 ವರ್ಷ ಆದ ಮೇಲೆ, 1877ರಲ್ಲಿ, ಅದೇ ಟಿಪ್ಪಣಿ ತೆಗೆದು ‘ಮೈಂಡ್’ ಅನ್ನುವ ಪತ್ರಿಕೆಯಲ್ಲಿ ಲೇಖನ ಮಾಡಿದ. ಮಗನಿಗೆ ಸರಿಯಾಗಿ ವರ್ಷ ತುಂಬಿದಾಗ ಊಟಕ್ಕೆ ತಾನೇ ಒಂದು ಮಾತು ಕಟ್ಟಿಕೊಂಡನಂತೆ, ‘ಮಮ್’ ಅಂತ. ನಾವು ಕೂಸುಗಳಿಗೆ ‘ಮಮ್ಮು’ ಅನ್ನುತ್ತೇವಲ್ಲ, ಓದಿ ರೋಮಾಂಚನ ಆಯಿತು. ಸಕ್ಕರೆಗೆ ಆ ಹುಡುಗ ‘ಶು-ಮಮ್’ ಅಂದ. ‘ಬ್ಲ್ಯಾಕ್’ ಅನ್ನುವ ಮಾತು ಕಲಿತ ಮೇಲೆ ಜೇಷ್ಠಮಧುವಿನ ಕರಿ ಮಿಠಾಯಿಗೆ ‘ಬ್ಲ್ಯಾಕ್-ಶು-ಮಮ್’ ಅಂದ. ನಮ್ಮ ಪುಟ್ಟಿ ಒಂದೂವರೆ ವರ್ಷದವಳಿದ್ದಾಗ ಹೋಳಿಗೆಗೆ ‘ಬೆಲ್ಲಾ-ಮಮ್ಮು’ ಅನ್ನುತ್ತಿದ್ದಳು! ಅಷ್ಟು ದೊಡ್ಡ ವಿಜ್ಞಾನಿ ಅದನ್ನೆಲ್ಲ ಬರೆದಿಟ್ಟದ್ದಕ್ಕೆ ಒಂದು ಕೂಸಿನ ಮಿಠಾಯಿಯ ಹೆಸರು ಇವತ್ತಿಗೂ ಉಳಿದಿದೆ.

ನಿನ್ನ ಎರಡು ಚಿಂತೆಗಳಿಗೂ ಉತ್ತರ ಹೇಳಿಬಿಡುತ್ತೇನೆ. ಮನೆಯಲ್ಲಿ ಕನ್ನಡ, ಕೆಳಗೆ ಮರಾಠಿ, ಟಿವಿಯಲ್ಲಿ ಹಿಂದಿ, ಮಗ ಗೊಂದಲಪಡುತ್ತಾನೇನೋ ಅಂದೆಯಲ್ಲ. ಪಡುವುದಿಲ್ಲ. ಎರಡು ಮೂರು ಭಾಷೆ ಕೇಳಿಸಿಕೊಂಡು ಬೆಳೆದರೆ ಮಾತು ತಡವಾಗುತ್ತದೆ ಅನ್ನುವುದು ಸುಳ್ಳು. ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುತ್ತಾನೆ, ಅದು ಸಹಜ, ತಾನೇ ಬೇರೆ ಮಾಡಿಕೊಳ್ಳುತ್ತಾನೆ. ನೀನು ನಮ್ಮ ಧಾರವಾಡದ ಮಾತನ್ನೇ ಆಡು. ಪುಸ್ತಕದ ಕನ್ನಡ ಬೇಡ, ಇಂಗ್ಲಿಷಂತೂ ಈಗಲೇ ಬೇಡವೇ ಬೇಡ. ಎರಡು ವರ್ಷದ ಹೊತ್ತಿಗೆ ಸುಮಾರು 50 ಮಾತು ಬರುತ್ತಿರಬೇಕು, ಎರಡು ಮಾತು ಜೋಡಿಸುತ್ತಿರಬೇಕು. ಅಷ್ಟೂ ಇಲ್ಲದಿದ್ದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ ಕಿವಿಯ ಪರೀಕ್ಷೆ ಮಾಡಿಸು. ಇನ್ನೊಂದು ಚಿಂತೆ, ಮಗನಿಗೆ ಮೊಬೈಲು ತೋರಿಸುವುದು. ಅದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಒಂದು ವರ್ಷದ ಕೂಸಿಗೆ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆ ಆದಷ್ಟೂ ಒಳ್ಳೆಯದು. ಅದರ ಬದಲು ಅವನನ್ನು ಎತ್ತಿಕೊಂಡು ಕೆಳಗೆ ಇಳಿ. ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್, ತರಕಾರಿ ಗಾಡಿಯವಳು, ಲಿಫ್ಟಿನಲ್ಲಿ ಸಿಗುವ ಅಜ್ಜಿ, ಇವರೆಲ್ಲ ಅವನ ಜನ ಆಗಲಿ. ಊರು ಬೇರೆ ಆದರೇನು.

ಮೊನ್ನೆ ಊಟಕ್ಕೆ ಕೂತಾಗ ಪುಟ್ಟಿ ತಾಟು ಮುಂದೆ ಮಾಡಿ "ಆಯಿ, ರೊಟ್ಟಿ" ಅಂದಳು. ‘ರ’ ಸ್ಪಷ್ಟವಾಗಿತ್ತು. ಅಜ್ಜ ಚಪ್ಪಾಳೆ ತಟ್ಟಿದರು, ನಮ್ಮವ್ವ ಇನ್ನೊಮ್ಮೆ ಹೇಳು ಅಂದಳು, ಇನ್ನೊಮ್ಮೆ ಹೇಳಿದಳು, ಮತ್ತೆ ಸರಿಯಾಗಿಯೇ ಬಂತು. ನನಗೂ ಖುಷಿಯಾಯಿತು. ಆದರೆ ಎದೆಯಲ್ಲಿ ಏನೋ ಹಿಡಿದ ಹಾಗೆಯೂ ಆಯಿತು. ‘ಲೊಟ್ಟಿ’ ಅಂತ ಕೊನೆಯ ಸಲ ಅಂದದ್ದು ಯಾವಾಗ? ಅದರ ಹಿಂದಿನ ದಿನವೋ, ಅವತ್ತು ಬೆಳಿಗ್ಗೆಯೋ? ಅದು ಕೊನೆಯದು ಅಂತ ಯಾರಿಗೆ ಗೊತ್ತಿತ್ತು? ನೋಟ್‌ಬುಕ್ ತೆಗೆದು ನೋಡಿದೆ. ಎಷ್ಟೋ ಪುಟಗಳಲ್ಲಿ ಲೊಟ್ಟಿ ಇತ್ತು. ಕಾಳ್ಯಾನಿಗೆ ಕೊಟ್ಟ ಲೊಟ್ಟಿ, ಕೂಡಿಸು ಅಂತ ಅತ್ತ ಲೊಟ್ಟಿ, ಅಂಬಾ ತಿಂದ ಲೊಟ್ಟಿ. ಇಟ್ಟದ್ದು ಸಾರ್ಥಕ ಅನಿಸಿತು. ಖಾರ ಇನ್ನೂ ‘ಖಾಲ’ವೇ ಇದೆ, ಚಿಗರಿ ಇನ್ನೂ ‘ಚಿಗಲಿ’. ಅವು ಇರುವಷ್ಟು ದಿನ ಇರಲಿ.

ಮುಂದಿನ ದಸರೆಗೆ ವೈನಿಯನ್ನೂ ಮಗನನ್ನೂ ಕರೆದುಕೊಂಡು ಬಾ. ಎರಡು ದಿನಕ್ಕೆ ಬರಬೇಡ, ವಾರ ಇರುವ ಹಾಗೆ ಬಾ. ಹುಬ್ಬಳ್ಳಿಗೆ ರೈಲು ಬಂದರೆ ಪುಟ್ಟಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುತ್ತಾಳೆ, ಅಲ್ಲಿಂದ ಚಿಗರಿ ಹತ್ತಿ ಮನೆಗೆ ಬರೋಣ. ನಿನ್ನ ಮಗನಿಗೆ ಕಟ್ಟೆಯಲ್ಲಿ ಜಾಗ ಇದೆ, ನಮ್ಮವ್ವನ ಪಕ್ಕದಲ್ಲಿ ಇನ್ನೊಂದು ಮಣೆ ಇದೆ.

ಮತ್ತೆ ಒಂದು ಮಾತು. ಅಷ್ಟೊತ್ತು ಫೋನಿನಲ್ಲಿ ಮಾತಾಡಿದೆವು, ನಿನ್ನ ಮಗ ನೀರಿಗೆ ಏನನ್ನುತ್ತಾನೆ, ಬಾಳೆಹಣ್ಣಿಗೆ ಏನನ್ನುತ್ತಾನೆ, ನಿನ್ನನ್ನು ಏನಂತ ಕರೆಯುತ್ತಾನೆ, ಒಂದೂ ಹೇಳಲಿಲ್ಲ ನೀನು. ಇವತ್ತು ರಾತ್ರಿ ಅವನು ಮಲಗಿದ ಮೇಲೆ ಬರೆದು ಕಳಿಸು. ಅವನು ಹೇಳುವ ಹಾಗೇ ಬರೆ.

ನಿನ್ನ,
ಮಾಳಮಡ್ಡಿ ದೋಸ್ತ